ಮೂರು ಪಟ್ಟು ಸವೆತ ಇಟ್ಟರೆ ಆರೇ ಸುತ್ತಿಗೆ ಎಡ ಮುಂಟೈರ್ ಸೋಲುತ್ತಿದೆ: ಯಾವ ಅಂಕಿ ಬದಲಿಸಬೇಕು?

ಹದಿಮೂರನೇ ಗ್ರಿಡ್

ಎಲ್ಲರಿಗೂ ನಮಸ್ಕಾರ. ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸಿಂಗ್ ಆಟದಲ್ಲಿ ಬಾರ್ಸಿಲೋನಾ ಟ್ರ್ಯಾಕ್‌ನ ಮೇಲೆ 20 ಸುತ್ತುಗಳ ರೇಸ್ ಒಂದನ್ನು ಸಿದ್ಧಮಾಡುತ್ತಿದ್ದೇನೆ. ಕಾರು ಜಿಟಿ3 ವರ್ಗದ್ದು. ಆಟದ ಜೊತೆ ಬಂದದ್ದಲ್ಲ, ಹೊರಗಿನವರು ಮಾಡಿದ್ದನ್ನು ಇಳಿಸಿಕೊಂಡ ಮಾಡ್. ರೇಸ್‌ನ ನಡುವೆ ಟೈರ್ ಬದಲಿಸಲು ಒಮ್ಮೆಯಾದರೂ ಪಿಟ್‌ಗೆ ಬರಲೇಬೇಕಾಗಲಿ ಎಂದು ಟೈರ್ ಸವೆತದ ಗುಣಕವನ್ನು 3ಕ್ಕೆ ಏರಿಸಿದೆ. ಆರನೇ ಸುತ್ತಿಗೆ ಎಡಬದಿಯ ಮುಂಟೈರ್ ಸತ್ತೇ ಹೋಗುತ್ತದೆ. ಮೂರನೇ ತಿರುವಿನಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿ ಹೊರಗೆ ಸಾಗುತ್ತದೆ.

ಹಿಡಿತ ಕಡಿಮೆಯಿರಬಹುದೆಂದು ಟೈರ್ ಫೈಲ್ ತೆರೆದು ಡಿವೈ ರೆಫ್ ಎಂಬ ಅಂಕಿಯನ್ನು 1.50ರಿಂದ 1.56ಕ್ಕೆ ಏರಿಸಿದೆ. ಮೊದಲ ಎರಡು ಸುತ್ತು ಕಾರು ಹಳಿಯ ಮೇಲೆ ಓಡಿದಂತಿತ್ತು. ಆದರೆ ಈ ಬಾರಿ ಟೈರ್ ಐದನೇ ಸುತ್ತಿಗೇ ಮುಗಿಯಿತು. ಹಿಡಿತ ಹೆಚ್ಚಿಸಿದರೆ ಸವೆತ ಹೆಚ್ಚಾಗುವುದೇಕೆ? ಎರಡನ್ನೂ ಸರಿದೂಗಿಸಲು ಯಾವ ಅಂಕಿಯನ್ನು ಮುಟ್ಟಬೇಕು? ದಯವಿಟ್ಟು ತಿಳಿಸಿ.

ನಿಧಾನ ಸುತ್ತು

ಮೊದಲು ಆ 1.56 ಅನ್ನು ಮತ್ತೆ 1.50ಕ್ಕೆ ತನ್ನಿ. ಮೂಲ ಸ್ಥಿತಿಗೆ ಮರಳದೆ ಏನನ್ನು ಅಳೆದರೂ ಅರ್ಥವಾಗುವುದಿಲ್ಲ.

ನಿಮ್ಮ ಮುಂದೆ ನಾಲ್ಕು ಬೇರೆ ಬೇರೆ ಹಿಡಿಕೆಗಳಿವೆ, ನೀವು ಅವನ್ನೆಲ್ಲ ಒಂದೇ ಎಂದುಕೊಂಡಿದ್ದೀರಿ. ಸೆಷನ್‌ನ ಸವೆತದ ಗುಣಕ ಮೊದಲನೆಯದು. ಟೈರ್ ಎಷ್ಟು ದುಡಿದಿದೆ ಎಂಬ ಲೆಕ್ಕ ಎಷ್ಟು ಬೇಗ ಏರಬೇಕೆಂಬುದನ್ನು ಅದು ಹೇಳುತ್ತದೆ, ತಾಪದ ಲೆಕ್ಕವನ್ನು ಮುಟ್ಟುವುದಿಲ್ಲ. ಎರಡನೆಯದು ಸವೆತದ ರೇಖೆ. ಕಾರಿನ ಡೇಟಾ ಫೋಲ್ಡರ್‌ನಲ್ಲಿ ಅದಕ್ಕೆ ಪ್ರತ್ಯೇಕ ಪಟ್ಟಿಯಿದೆ. ಎಡಗಡೆ ವರ್ಚುವಲ್ ಕಿಲೋಮೀಟರ್, ಬಲಗಡೆ ಉಳಿದ ಹಿಡಿತ ಶೇಕಡಾವಾರು. ಈ ವರ್ಚುವಲ್ ಕಿಲೋಮೀಟರ್ ಓಡೋಮೀಟರ್‌ನ ಕಿಲೋಮೀಟರ್ ಅಲ್ಲ. ಟೈರ್ ಜಾರಿದಷ್ಟೂ ಅದು ಬೇಗ ಏರುತ್ತದೆ. ಮೂರನೆಯದು ನೀವು ಮುಟ್ಟಿದ ಡಿವೈ ರೆಫ್, ಅಂದರೆ ಗೊತ್ತುಪಡಿಸಿದ ಹೊರೆಯಲ್ಲಿ ಟೈರ್‌ನ ಅಡ್ಡ ಹಿಡಿತ. ಉದ್ದ ದಿಕ್ಕಿನ ಹಿಡಿತಕ್ಕೆ, ಅಂದರೆ ಬ್ರೇಕ್ ಮತ್ತು ವೇಗವರ್ಧನೆಗೆ, ಡಿಎಕ್ಸ್ ರೆಫ್ ಬೇರೆಯೇ ಇದೆ. ಒಂದನ್ನೇ ಏರಿಸಿದರೆ ಟೈರ್‌ನ ಸಮತೋಲ ಕೆಡುತ್ತದೆ. ಕೊನೆಯದು ತಾಪದ ವಿಭಾಗ: ಉಜ್ಜಾಟದಿಂದ ಎಷ್ಟು ಬಿಸಿ ಹುಟ್ಟುತ್ತದೆ, ಅದು ಮೇಲ್ಮೈಯಿಂದ ಒಳಗೆ ಹೇಗೆ ಇಳಿಯುತ್ತದೆ, ಯಾವ ತಾಪದಲ್ಲಿ ಎಷ್ಟು ಹಿಡಿತ ಎಂಬುದೆಲ್ಲ ಅಲ್ಲಿದೆ.

ಯಾವ ಅಂಕಿ ಬದಲಿಸಬೇಕು ಎಂದು ಕೇಳಿದ್ದೀರಿ. ಟೈರ್ ಏಕೆ ಸವೆಯುತ್ತಿದೆ ಎಂದು ತಿಳಿಯುವವರೆಗೆ ಫೈಲ್‌ನಲ್ಲಿ ಯಾವುದನ್ನೂ ಬದಲಿಸಬೇಡಿ. ಎಡ ಮುಂಟೈರ್‌ನ ಒಳ, ನಡು, ಹೊರ ಅಂಚುಗಳ ತಾಪ ಎಷ್ಟು? ತಣ್ಣಗಿರುವಾಗಿನ ಮತ್ತು ಬಿಸಿಯಾದ ಮೇಲಿನ ಗಾಳಿಯ ಒತ್ತಡ ಎಷ್ಟು? ಫೈಲ್‌ನಲ್ಲಿ ಆದರ್ಶ ಒತ್ತಡ ಎಷ್ಟೆಂದು ಬರೆದಿದೆ? ಇಷ್ಟನ್ನು ತಿಳಿಸಿ.

ಪಿಟ್ ಗೋಡೆ

ನನ್ನ ಅಭಿಪ್ರಾಯ ಬೇರೆ. ಹೊರಗಿನ ಮಾಡ್‌ಗಳಲ್ಲಿ ಸವೆತದ ರೇಖೆಯನ್ನು ಇನ್ಯಾವುದೋ ಕಾರಿನಿಂದ ನಕಲಿಸಿ ಹಾಕಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಮೊದಲು ಆ ಪಟ್ಟಿಯನ್ನು ಇಲ್ಲಿ ಹಾಕಿ. ಹಿಡಿತ ಬಹಳ ಹೊತ್ತು 100ರ ಸುತ್ತಮುತ್ತ ಇದ್ದು ಆಮೇಲೆ ಒಮ್ಮೆಗೇ ಕುಸಿದರೆ ಚಾಲಕ ಏನು ಮಾಡಲು ಸಾಧ್ಯ? ಅದು ಕಾರಿನ ದೋಷವೂ ಅಲ್ಲ, ಓಡಿಸುವವನ ದೋಷವೂ ಅಲ್ಲ. ರೇಖೆಯ ದೋಷ.

ಹದಿಮೂರನೇ ಗ್ರಿಡ್

ಡಿವೈ ರೆಫ್ ಮತ್ತೆ 1.50 ಮಾಡಿದ್ದೇನೆ. ಹೊರಗಿನ ತಾಪ 25 ಡಿಗ್ರಿ, ಟ್ರ್ಯಾಕ್‌ನ ಹಿಡಿತ ಶೇ. 100. ತಣ್ಣಗಿದ್ದಾಗ ಒತ್ತಡ 26 ಪಿಎಸ್‌ಐ, ನಾಲ್ಕು ಸುತ್ತುಗಳ ನಂತರ ಎಡ ಮುಂಟೈರ್‌ನಲ್ಲಿ 34. ಟೈರ್‌ನ ಒಳತಾಪ 85 ಡಿಗ್ರಿಯ ಆಸುಪಾಸು. ಫೈಲ್‌ನಲ್ಲಿ ಆದರ್ಶ ಒತ್ತಡ 28 ಎಂದಿದೆ. ಮೇಲ್ಮೈಯಲ್ಲಿ ನಡುಭಾಗ ಅಂಚುಗಳಿಗಿಂತ ಬಿಸಿ. ಮೂರನೇ ತಿರುವಿನಿಂದ ಹೊರಬರುವಾಗ ಮೇಲ್ಮೈ 115 ದಾಟುತ್ತದೆ.

ಸವೆತದ ಪಟ್ಟಿ ಹೀಗಿದೆ: 0ಗೆ 100, 10ಕ್ಕೆ 99, 14ಕ್ಕೆ 92, 18ಕ್ಕೆ 80.

ಟೆಲಿಮೆಟ್ರಿ ಪ್ರಿಯ

ಈಗ ಮಾತಾಡಲು ಆಧಾರ ಸಿಕ್ಕಿತು. ಒತ್ತಡದಿಂದ ಶುರುಮಾಡೋಣ.

ಮುಚ್ಚಿದ ಟೈರ್‌ನೊಳಗಿನ ಗಾಳಿ ಬಿಸಿಯಾದಂತೆ ಅದರ ಒಟ್ಟು ಒತ್ತಡ ಕೆಲ್ವಿನ್ ತಾಪದ ಅನುಪಾತದಲ್ಲಿ ಏರುತ್ತದೆ. ಮಾಪಕದ ಅಂಕಿಗೆ ವಾತಾವರಣದ 14.7 ಸೇರಿಸಿಕೊಂಡು ಲೆಕ್ಕ ಹಾಕಬೇಕು, ಹೆಚ್ಚಿನವರು ತಪ್ಪುವುದು ಇಲ್ಲಿಯೇ. ನಿಮಗೆ 85 ಡಿಗ್ರಿಯಲ್ಲಿ 28 ಬೇಕು, ಅಂದರೆ ಒಟ್ಟು 42.7. ಅದನ್ನು 85 ಡಿಗ್ರಿಯ ಕೆಲ್ವಿನ್ ಅಂಕಿ 358ರಿಂದ ಭಾಗಿಸಿ, 25 ಡಿಗ್ರಿಯ 298ರಿಂದ ಗುಣಿಸಿದರೆ ಸುಮಾರು 35.5. ಅದರಿಂದ 14.7 ಕಳೆದರೆ 20.8. ಹಾಗಾಗಿ 21 ಪಿಎಸ್‌ಐಯಿಂದ ಆರಂಭಿಸಬೇಕಾದ ಕಡೆ ನೀವು 26ರಿಂದ ಆರಂಭಿಸಿದ್ದೀರಿ. ಈ ವ್ಯಾಪ್ತಿಯಲ್ಲಿ ತಾಪ 10 ಡಿಗ್ರಿ ಏರಿದರೆ ಒತ್ತಡ ಸುಮಾರು 1.2 ಪಿಎಸ್‌ಐ ಏರುತ್ತದೆ ಎಂದು ನೆನಪಿಟ್ಟುಕೊಳ್ಳಿ, ಮುಂದೆ ಬೇರೆ ಹವೆಯಲ್ಲಿ ಓಡಿಸುವಾಗ ಬೇಕಾಗುತ್ತದೆ. ನಡುಭಾಗ ಬಿಸಿಯಾಗಿರುವುದೂ ಗಾಳಿ ಹೆಚ್ಚಾಗಿದೆ ಎಂದೇ ಹೇಳುತ್ತಿದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಟೈರ್‌ನಲ್ಲಿ ಹುಟ್ಟುವ ಬಿಸಿ ಎಂದರೆ ಬಲ ಗುಣಿಸು ಜಾರುವ ವೇಗ. ಗಂಟೆಗೆ 150 ಕಿ.ಮೀ. ವೇಗದ ತಿರುವಿನಲ್ಲಿ ಎಡ ಮುಂಟೈರ್‌ನ ಮೇಲೆ 5000 ನ್ಯೂಟನ್ ಹೊರೆ ಇದೆ ಎಂದುಕೊಳ್ಳಿ. 1.5 ಹಿಡಿತಕ್ಕೆ ಅಡ್ಡಬಲ 7500. ಟೈರ್ ತಾನು ಮುಖ ಮಾಡಿದ ದಿಕ್ಕಿಗೂ ಸಾಗುವ ದಿಕ್ಕಿಗೂ ನಡುವೆ 7 ಡಿಗ್ರಿ ಜಾರುಕೋನ ಇಟ್ಟುಕೊಂಡಿದ್ದರೆ ಅಡ್ಡ ಜಾರಿಕೆ ಸೆಕೆಂಡಿಗೆ ಸುಮಾರು 5.1 ಮೀಟರ್. ಗುಣಿಸಿದರೆ 38 ಕಿಲೋವಾಟ್! ಅಂಗೈಯಷ್ಟೇ ಅಗಲದ ರಬ್ಬರ್ ತುಣುಕು ಅದನ್ನೆಲ್ಲ ನುಂಗಬೇಕು. ನೀವು ಹಿಡಿತವನ್ನು ಶೇ. 4 ಏರಿಸಿದಿರಿ, ಬಲ ಶೇ. 4 ಏರಿತು. ಅದೇ ತಿರುವನ್ನು ಶೇ. 2 ಹೆಚ್ಚು ವೇಗದಲ್ಲಿ ದಾಟಿದಿರಿ, ಜಾರುವ ವೇಗವೂ ಅಷ್ಟೇ ಏರಿತು. ಒಟ್ಟು ಬಿಸಿ ಶೇ. 6 ಹೆಚ್ಚು. ಎರಡು ಸುತ್ತು ಅದ್ಭುತವಾಗಿ ಓಡಿ ಮೂರನೆಯದರಿಂದ ಕುಸಿಯಲು ಅಷ್ಟು ಸಾಕು.

ಸರ್ವರ್ ಕಾವಲು

ಮೇಲಿನ ಲೆಕ್ಕ ಓದಿ ತುಂಬಾ ಸಂತೋಷವಾಯಿತು. ನನ್ನದು ಎರಡೇ ಮಾತು.

ಸರಳ ಭಾಗಾಕಾರ ಒಂದನ್ನು ಮರೆಯಬೇಡಿ. 3ರ ಗುಣಕದಲ್ಲಿ 6 ಸುತ್ತು ಬಾಳುವ ಟೈರ್ 1ರ ಗುಣಕದಲ್ಲಿ 18 ಸುತ್ತು ಬಾಳುತ್ತದೆ. ನಿಮ್ಮ ರೇಸ್ 20 ಸುತ್ತು, ಈ ಟ್ರ್ಯಾಕ್‌ನಲ್ಲಿ ಸುಮಾರು 93 ಕಿ.ಮೀ. ಅಂದರೆ ಈಗಿರುವ ಸ್ಥಿತಿಯಲ್ಲಿ ಗುಣಕವೇ ಬೇಕಿಲ್ಲ, ಕೊನೆಯ ಎರಡು ಸುತ್ತು ತಾನಾಗಿಯೇ ಕಷ್ಟವಾಗುತ್ತದೆ. ಒಂದು ಪಿಟ್ ಬೇಕೆಂದರೆ 1.5 ಇಟ್ಟರೂ 12 ಸುತ್ತಿಗೆ ಕುಸಿತ ಬರುತ್ತದೆ. 3 ಎಂಬ ಅಂಕಿ ಎಲ್ಲಿಂದ ಬಂತು ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಎರಡನೆಯದು, ಗೆಳೆಯರೊಡನೆ ಆನ್‌ಲೈನ್‌ನಲ್ಲಿ ಓಡಿಸುವುದಾದರೆ ಫೈಲ್ ತಿದ್ದುವುದು ತೊಂದರೆಗೆ ದಾರಿ. ಸರ್ವರ್ ಪ್ರತಿಯೊಬ್ಬರ ಕಾರಿನ ಡೇಟಾವನ್ನು ತಾಳೆ ನೋಡುತ್ತದೆ, ಒಂದು ಅಂಕಿ ಬೇರೆಯಾದರೂ ಹೊರಹಾಕುತ್ತದೆ. ಆದರೆ ಸವೆತದ ಗುಣಕ, ಟೈರ್ ಅನ್ನು ಮುಂಚೆಯೇ ಬಿಸಿಮಾಡುವ ಹೊದಿಕೆಗೆ ಅನುಮತಿ, ಟ್ರ್ಯಾಕ್ ಎಷ್ಟು ಹಿಡಿತದಿಂದ ಆರಂಭವಾಗಬೇಕು, ಎಷ್ಟು ಸುತ್ತು ಓಡಿದರೆ ಆ ಹಿಡಿತ ಶೇ. 1 ಏರಬೇಕು ಎಂಬುದೆಲ್ಲ ಸರ್ವರ್ ಕಡೆಯವೇ. ನಾನು ನಡೆಸುವ ರೇಸ್‌ಗಳಲ್ಲಿ ಟ್ರ್ಯಾಕ್ ಅನ್ನು ಶೇ. 95ರಿಂದ ಆರಂಭಿಸುತ್ತೇನೆ. ಅಭ್ಯಾಸ, ಅರ್ಹತಾ ಸುತ್ತು ಮುಗಿಯುವ ಹೊತ್ತಿಗೆ ರಬ್ಬರ್ ಕೂತು ಟ್ರ್ಯಾಕ್ ಹದವಾಗುತ್ತದೆ. ಯಾರ ಫೈಲನ್ನೂ ಮುಟ್ಟದೆ ರೇಸ್‌ನ ರುಚಿ ಬದಲಾಗುತ್ತದೆ.

ಹಳೇ ಹೆಲ್ಮೆಟ್

ಸವೆತವನ್ನು ಹೆಚ್ಚಿಸುವುದು ಕೃತಕ ಎಂದು ಯಾರಾದರೂ ಹೇಳುವ ಮೊದಲೇ ಒಂದು ನೆನಪು. 2010ರ ಕೆನಡಾ ಗ್ರಾಂಡ್ ಪ್ರಿಯಲ್ಲಿ ಟೈರ್‌ಗಳು ಅನಿರೀಕ್ಷಿತವಾಗಿ ಬೇಗ ಸೋತು ರೇಸ್ ರಂಗೇರಿತು. 2011ರಲ್ಲಿ ಪಿರೆಲ್ಲಿ ಫಾರ್ಮುಲಾ ಒನ್‌ಗೆ ಟೈರ್ ಒದಗಿಸಲು ಬಂದಾಗ ಬೇಗ ಸವೆಯುವ ಟೈರ್‌ಗಳನ್ನೇ ಮಾಡಲು ಆಯೋಜಕರು ಕೇಳಿಕೊಂಡರು. ನಿಜದ ರೇಸಿಂಗ್‌ನಲ್ಲೇ ಈ ಗುಣಕವನ್ನು ತಿರುಗಿಸಿದ್ದಾರೆ, ನಾವೂ ತಿರುಗಿಸಬಹುದು.

ಅದಕ್ಕೆ ವಿರುದ್ಧವಾದದ್ದು 2005. ಆ ವರ್ಷ ಅರ್ಹತಾ ಸುತ್ತಿಗೂ ಪೂರ್ತಿ ರೇಸಿಗೂ ಒಂದೇ ಸೆಟ್ ಟೈರ್. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕ್‌ನಲ್ಲಿ ಮುಂದಿದ್ದ ಕಿಮಿ ರೈಕೋನೆನ್ ಬ್ರೇಕ್ ಒತ್ತುವಾಗ ಚಕ್ರ ಲಾಕ್ ಮಾಡಿ, ಅಂದರೆ ಅದು ಉರುಳದೆ ಜಾರುವಂತೆ ಮಾಡಿ, ಬಲ ಮುಂಟೈರ್ ಅನ್ನು ಒಂದು ಕಡೆ ಚಪ್ಪಟೆ ಮಾಡಿಕೊಂಡರು. ಆ ಕಂಪನ ಸುತ್ತಿನಿಂದ ಸುತ್ತಿಗೆ ಬೆಳೆದು ಕೊನೆಯ ಸುತ್ತಿನ ಆರಂಭದಲ್ಲಿ ಸಸ್ಪೆನ್ಷನ್ನೇ ಮುರಿಯಿತು, ಗೆಲುವು ಫರ್ನಾಂಡೊ ಅಲೊನ್ಸೊ ಪಾಲಾಯಿತು. ಈ ಆಟದಲ್ಲೂ ಲಾಕ್ ಮಾಡಿದರೆ ಟೈರ್ ಚಪ್ಪಟೆಯಾಗುತ್ತದೆ, ಸ್ಟೀರಿಂಗ್‌ನಲ್ಲಿ ಆ ಬಡಿತ ಕೈಗೆ ತಟ್ಟುತ್ತದೆ. ಹದಿಮೂರನೇ ಗ್ರಿಡ್ ಅವರೇ, ಮೊದಲನೇ ತಿರುವಿನ ಬ್ರೇಕಿಂಗ್‌ನಲ್ಲಿ ಎಡ ಮುಂಚಕ್ರ ಲಾಕ್ ಆಗುತ್ತಿಲ್ಲ ತಾನೇ?

ಹದಿಮೂರನೇ ಗ್ರಿಡ್

ಲಾಕ್ ಆಗುತ್ತಿಲ್ಲ, ಅದನ್ನು ತಡೆಯುವ ಎಬಿಎಸ್ ಇದೆ.

ಒತ್ತಡವನ್ನು 21ಕ್ಕೆ ಇಳಿಸಿದೆ. ಬಿಸಿಯಾದಾಗ ಸರಿಯಾಗಿ 28ಕ್ಕೆ ಬಂದು ನಿಂತಿತು, ಲೆಕ್ಕ ಹಾಕಿದವರಿಗೆ ಕೈಮುಗಿಯುತ್ತೇನೆ. ನಡುಭಾಗದ ಬಿಸಿ ಇಳಿಯಿತು. ಹೋಲಿಕೆಗಾಗಿ ಗುಣಕ 3ರಲ್ಲೇ ಇಟ್ಟಿದ್ದೇನೆ. ಆರರ ಬದಲು ಏಳು ಸುತ್ತು ಬಂತು. ಆದರೆ ಮೂರನೇ ತಿರುವಿನಲ್ಲಿ ಮೇಲ್ಮೈ ಈಗಲೂ 110 ದಾಟುತ್ತದೆ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಮುಂದಿನ ಆಂಟಿ ರೋಲ್ ಬಾರ್ ಅನ್ನು ಎರಡು ಹೆಜ್ಜೆ ಮೆದುಗೊಳಿಸಿ ನೋಡಿದೆ, ಸ್ವಲ್ಪ ಅನುಕೂಲವಾಯಿತು, ಆದರೆ ಮೂಲ ತೊಂದರೆ ಹೋಗಲಿಲ್ಲ.

ಟೆಲಿಮೆಟ್ರಿ ಪ್ರಿಯ

ಆಂಟಿ ರೋಲ್ ಬಾರ್ ಮೆದುವಾದರೆ ಏಕೆ ಅನುಕೂಲ ಎಂದು ಯಾರಿಗಾದರೂ ಅನ್ನಿಸಿದ್ದರೆ, ಚುಟುಕಾಗಿ: ಟೈರ್‌ನ ಮೇಲೆ ಹೊರೆ ಎರಡು ಪಟ್ಟಾದರೆ ಅದು ಕೊಡುವ ಬಲ ಎರಡು ಪಟ್ಟಾಗುವುದಿಲ್ಲ. ಫೈಲ್‌ನಲ್ಲಿ ಹೊರೆಯ ಘಾತಾಂಕ 0.85 ಎಂದಿದ್ದರೆ ಬಲ 1.8 ಪಟ್ಟು ಮಾತ್ರ. ಒಂದೇ ಟೈರ್‌ಗೆ ಹೊರೆ ಹೇರುವುದಕ್ಕಿಂತ ಎರಡಕ್ಕೂ ಹಂಚಿದರೆ ಒಟ್ಟು ಹಿಡಿತ ಹೆಚ್ಚು. ಬಾರ್ ಮೆದುವಾದಾಗ ಎರಡು ಮುಂಟೈರ್‌ಗಳಲ್ಲಿ ಆಗುವುದು ಇದೇ.

ನಿಧಾನ ಸುತ್ತು

ನನಗೆ ಮೊದಲ ಬರಹದ ಒಂದು ವಾಕ್ಯ ಆಗಿನಿಂದಲೂ ಕಾಡುತ್ತಿತ್ತು: "ಸ್ಟೀರಿಂಗ್ ಎಷ್ಟು ತಿರುಗಿಸಿದರೂ." ಈಗ ಅದನ್ನು ಕೇಳುವ ಹೊತ್ತು ಬಂದಿದೆ. ನೀವು ಎಷ್ಟು ತಿರುಗಿಸುತ್ತೀರಿ?

ಟೈರ್‌ನ ಹಿಡಿತ ಜಾರುಕೋನ ಏರಿದಂತೆ ಏರುತ್ತಾ ಒಂದು ತುದಿ ಮುಟ್ಟುತ್ತದೆ, ಅದರಾಚೆ ಏರುವುದಿಲ್ಲ. ನಿಮ್ಮ ಟೈರ್‌ಗೆ ಆ ತುದಿ 7 ಡಿಗ್ರಿಯಲ್ಲಿದೆ ಎನ್ನೋಣ. ನೀವು 12 ಡಿಗ್ರಿಗೆ ತಿರುಗಿಸಿ ಹಿಡಿದರೆ ಕಾರು ಒಂದಿಷ್ಟೂ ಹೆಚ್ಚು ತಿರುಗುವುದಿಲ್ಲ, ಜಾರುವ ವೇಗ ಮಾತ್ರ ಶೇ. 70ರಷ್ಟು ಏರುತ್ತದೆ. ಮೇಲಿನ 38 ಕಿಲೋವಾಟ್ 60 ದಾಟುತ್ತದೆ. ಬಾರ್ಸಿಲೋನಾದ ಮೂರನೇ ತಿರುವು ಉದ್ದನೆಯ ಬಲ ತಿರುವು, ಅಷ್ಟು ಹೊತ್ತೂ ಎಡ ಮುಂಟೈರ್ ಹೊರೆಯಡಿ ಇರುತ್ತದೆ. ಅಲ್ಲಿ ಹೆಚ್ಚು ತಿರುಗಿಸಿ ಹಿಡಿಯುವುದೆಂದರೆ ಟೈರ್ ಅನ್ನು ಉಜ್ಜುಗಲ್ಲಿಗೆ ಒತ್ತಿ ಹಿಡಿದ ಹಾಗೆ.

ಪರೀಕ್ಷೆ ಸುಲಭ. ಆ ತಿರುವಿನ ನಡುವೆ, ಆಕ್ಸಿಲರೇಟರ್ ಸ್ಥಿರವಾಗಿಟ್ಟು, ಸ್ಟೀರಿಂಗ್ ಅನ್ನು ಮೆಲ್ಲಗೆ ಸಡಿಲಿಸುತ್ತಾ ಬನ್ನಿ. ಕಾರು ಒಡನೆ ಹೊರಗೆ ಸರಿದರೆ ನೀವು ಸರಿಯಾಗಿ ಓಡಿಸುತ್ತಿದ್ದೀರಿ, ನನ್ನ ಊಹೆ ತಪ್ಪು. ಸರಿಯದೆ ಅದೇ ಗೆರೆಯಲ್ಲಿ ಸಾಗಿದರೆ ಆ ಹೆಚ್ಚುವರಿ ತಿರುವೆಲ್ಲ ಬರೀ ಬಿಸಿಯಾಗಿ ಹೋಗುತ್ತಿತ್ತು.

ಇನ್ನೊಂದು. ಹಿಡಿತದ ತುದಿ ಬರುವ ಸ್ವಲ್ಪ ಮೊದಲೇ ಸ್ಟೀರಿಂಗ್ ಹಗುರವಾಗಬೇಕು. ಚಕ್ರವನ್ನು ನೇರಕ್ಕೆ ಎಳೆಯುವ ತಿರುಚುಬಲ ಅಡ್ಡಬಲಕ್ಕಿಂತ ಮೊದಲು ತನ್ನ ಎತ್ತರ ಮುಟ್ಟಿ ಇಳಿಯುತ್ತದೆ. ಆ ಹಗುರವೇ ಟೈರ್ ನಿಮಗೆ ಕೊಡುವ ಸೂಚನೆ. ಅದು ನಿಮ್ಮ ಕೈಗೆ ಬರುತ್ತಿದೆಯೇ? ಫೋರ್ಸ್ ಫೀಡ್‌ಬ್ಯಾಕ್‌ನ, ಅಂದರೆ ಸ್ಟೀರಿಂಗ್‌ನ ಮೋಟರ್ ನಿಮ್ಮ ಕೈಗೆ ಕೊಡುವ ಬಲದ, ಶಕ್ತಿ ಎಷ್ಟಕ್ಕೆ ಇಟ್ಟಿದ್ದೀರಿ?

ಹದಿಮೂರನೇ ಗ್ರಿಡ್

ಶೇ. 100ಕ್ಕೆ ಇಟ್ಟಿದ್ದೇನೆ. ಭಾರವಾಗಿದ್ದರೆ ನಿಜದ ಕಾರಿನಂತಿರುತ್ತದೆ ಎಂದುಕೊಂಡಿದ್ದೆ. ತಿರುವಿನಲ್ಲಿ ಅದು ಹಗುರವಾಗುವುದನ್ನು ನಾನು ಎಂದೂ ಗಮನಿಸಿಲ್ಲ.

ನಿಧಾನ ಸುತ್ತು

ಪೆಡಲ್‌ಗಳನ್ನು ತೋರಿಸುವ ಚಿಕ್ಕ ಕಿಟಕಿಯನ್ನು ಪರದೆಯ ಮೇಲೆ ತನ್ನಿ. ಅದರಲ್ಲಿ ಫೋರ್ಸ್ ಫೀಡ್‌ಬ್ಯಾಕ್‌ಗೂ ಒಂದು ಪಟ್ಟಿ ಇದೆ. ಅದು ಕೆಂಪಾದರೆ ಆಟ ಕೇಳುತ್ತಿರುವ ಬಲ ನಿಮ್ಮ ಸ್ಟೀರಿಂಗ್ ಚಕ್ರದ ಮೋಟರ್‌ನ ಮಿತಿ ಮೀರಿದೆ ಎಂದರ್ಥ. ಮಿತಿಯಾಚೆಯ ಏರಿಳಿತವೆಲ್ಲ ಕತ್ತರಿಸಿಹೋಗಿ ಕೈಗೆ ಒಂದೇ ಸಮನಾದ ಭಾರ ಸಿಗುತ್ತದೆ. ಮೂರನೇ ತಿರುವಿನಲ್ಲಿ ಏನಾಗುತ್ತದೆಂದು ನೋಡಿ ಹೇಳಿ.

ಹದಿಮೂರನೇ ಗ್ರಿಡ್

ನೋಡಿದೆ. ತಿರುವಿನ ಮೊದಲಿನಿಂದ ಕೊನೆಯವರೆಗೂ ಕೆಂಪು. ಒಂಬತ್ತನೇ ತಿರುವಿನಲ್ಲೂ ಅದೇ ಕಥೆ.

ನಂಬರ್ ಪ್ಯಾಡ್‌ನ ಕಳೆ ಗುಂಡಿ ಒತ್ತುತ್ತಾ ಈ ಕಾರಿನ ಬಲವನ್ನು ಶೇ. 68ಕ್ಕೆ ಇಳಿಸಿದ ಮೇಲೆ ಕೆಂಪು ಹೋಯಿತು. ಮೊದಲ ಎರಡು ಸುತ್ತು ಸ್ಟೀರಿಂಗ್ ಸಪ್ಪೆ ಅನ್ನಿಸಿತು. ಮೂರನೇ ಸುತ್ತಿನಲ್ಲಿ, ಅದೇ ತಿರುವಿನ ನಡುವೆ, ಅದು ಕೈಯಲ್ಲಿ ಸಣ್ಣಗೆ ಸಡಿಲವಾದದ್ದು ಗೊತ್ತಾಯಿತು. ಇಷ್ಟು ದಿನ ಓಡಿಸಿದರೂ ಈ ಅನುಭವ ನನಗೆ ಹೊಸದು. ನೀವು ಹೇಳಿದ ಪರೀಕ್ಷೆಯನ್ನೂ ಮಾಡಿದೆ. ಸ್ಟೀರಿಂಗ್ ಅನ್ನು ಸುಮಾರು ಕಾಲು ಭಾಗದಷ್ಟು ಹಿಂದಕ್ಕೆ ತಂದರೂ ಕಾರು ಗೆರೆ ಬಿಡಲಿಲ್ಲ.

ಹಾಗೆ ಓಡಿಸಿದಾಗ ಮೇಲ್ಮೈ 98ರ ಆಸುಪಾಸಿನಲ್ಲಿ ನಿಂತಿತು. ಗುಣಕ 3ರಲ್ಲಿ ಒಂಬತ್ತು ಸುತ್ತು! ಫೈಲ್‌ನಲ್ಲಿ ಒಂದು ಅಂಕಿಯನ್ನೂ ಬದಲಿಸಿಲ್ಲ. ಸುತ್ತಿನ ಸಮಯ ಕೆಡಲಿಲ್ಲ, ಐದನೇ ಸುತ್ತಿನ ನಂತರವಂತೂ ಮೊದಲಿಗಿಂತ ಚೆನ್ನಾಗಿದೆ.

ಪಿಟ್ ಗೋಡೆ

ಅಭಿನಂದನೆಗಳು. ಫೋರ್ಸ್ ಫೀಡ್‌ಬ್ಯಾಕ್ ವಿಚಾರ ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಸವೆತದ ಪಟ್ಟಿಯ ಬಗ್ಗೆ ನನ್ನ ಮಾತನ್ನು ಹಿಂದೆಗೆಯುವುದಿಲ್ಲ. 10 ವರ್ಚುವಲ್ ಕಿ.ಮೀ.ವರೆಗೆ ಶೇ. 1 ಮಾತ್ರ ಇಳಿದು ಮುಂದಿನ 8ರಲ್ಲಿ ಶೇ. 19 ಇಳಿಯುವ ಟೈರ್ ಚಾಲಕನಿಗೆ ಯಾವ ಆಯ್ಕೆಯನ್ನೂ ಬಿಡುವುದಿಲ್ಲ. ಆರಂಭದಿಂದಲೇ ಸ್ವಲ್ಪ ಸ್ವಲ್ಪ ಇಳಿದರೆ ಮಾತ್ರ ಈಗ ಕಾಯ್ದುಕೊಳ್ಳಲೋ, ಈಗಲೇ ಪಿಟ್‌ಗೆ ಹೋಗಲೋ ಎಂಬ ಯೋಚನೆಗೆ ಜಾಗವಿರುತ್ತದೆ. ನಾನಾದರೆ 5ಕ್ಕೆ 98, 10ಕ್ಕೆ 95, 14ಕ್ಕೆ 91, 18ಕ್ಕೆ 85 ಎಂದು ಬರೆಯುತ್ತೇನೆ.

ನಿಧಾನ ಸುತ್ತು

ರೇಸ್‌ನ ಸೊಗಸಿನ ದೃಷ್ಟಿಯಿಂದ ನಿಮ್ಮ ರೇಖೆ ಉತ್ತಮ, ಒಪ್ಪುತ್ತೇನೆ. ಆದರೆ ಒಮ್ಮೆಗೇ ಕುಸಿಯುವುದು ಸುಳ್ಳಲ್ಲ. ತೆಳುವಾದ ರಬ್ಬರ್ ಬಿಸಿಯನ್ನು ಹಿಡಿದಿಡಲಾರದು, ಹಾಗಾಗಿ ಕೊನೆಗಾಲದಲ್ಲಿ ಟೈರ್ ಹದ ತಪ್ಪುವುದು ನಿಜದಲ್ಲೂ ಉಂಟು. ಆ ಕುಸಿತವನ್ನು ಮುಂಚಿತವಾಗಿ ಊಹಿಸಿ ಪಿಟ್‌ಗೆ ಬರುವುದೂ ಒಂದು ಕೌಶಲ. ಅದನ್ನು ಕಲಿಯುವ ಅವಕಾಶವನ್ನು ನಾನಂತೂ ತೆಗೆಯುವುದಿಲ್ಲ.

ತಿದ್ದಲೇಬೇಕೆಂದರೆ ಮೂಲ ಕಾರಿನ ಮೇಲೆ ಕೈಯಾಡಿಸಬೇಡಿ. ಫೋಲ್ಡರ್ ಅನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿ ಅದನ್ನು ತಿದ್ದಿ. ಹೆಸರು ಬದಲಾದಾಗ ಕಾರಿನ ಧ್ವನಿ ಹೋಗುತ್ತದೆ, ಧ್ವನಿ ಫೈಲ್‌ನ ಹೆಸರನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕು.

ಹೊಸ ರಬ್ಬರ್

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಡಿವೈ ರೆಫ್ ಅನ್ನು ಪರೀಕ್ಷೆಗೆಂದು 0.5ಕ್ಕೆ ಇಳಿಸಿದರೂ ಕಾರು ಹಿಂದಿನಂತೆಯೇ ಓಡುತ್ತಿದೆ. ಏನು ತಪ್ಪು ಮಾಡುತ್ತಿದ್ದೇನೆ?

ಸರ್ವರ್ ಕಾವಲು

ಬಿಚ್ಚಿದ ಡೇಟಾ ಫೋಲ್ಡರ್ ಪಕ್ಕದಲ್ಲಿ ಅದೇ ಡೇಟಾವನ್ನು ಒಟ್ಟಾಗಿ ಕಟ್ಟಿಟ್ಟ ಮೂಲದ ಎಸಿಡಿ ಫೈಲ್ ಬಹುಶಃ ಹಾಗೇ ಉಳಿದಿದೆ. ಆಟ ಅದನ್ನೇ ಓದುತ್ತಿದೆ. ಅದರ ಹೆಸರು ಬದಲಿಸಿಟ್ಟು ನೋಡಿ. ಆನ್‌ಲೈನ್‌ಗೆ ಹೋಗುವ ಮೊದಲು ಮತ್ತೆ ಹಳೆಯ ಹೆಸರಿಗೆ ತರಲು ಮರೆಯಬೇಡಿ. ಮತ್ತು ನೀವು ತಿದ್ದಿದ ವಿಭಾಗ ನೀವು ಆರಿಸಿಕೊಂಡ ಟೈರ್‌ನದ್ದೇ ಎಂದು ಖಚಿತಪಡಿಸಿಕೊಳ್ಳಿ. ಒಂದೇ ಫೈಲ್‌ನಲ್ಲಿ ಮೆದು, ಮಧ್ಯಮ, ಗಟ್ಟಿ ಎಂದು ಹಲವು ಟೈರ್‌ಗಳು ಸಾಲಾಗಿರುತ್ತವೆ.

ಹೊಸ ರಬ್ಬರ್

ಎಸಿಡಿ ಫೈಲೇ ಕಾರಣ. ಈಗ ಕಾರು ಮೊದಲ ತಿರುವಿನಲ್ಲೇ ಹೊರಗೆ ಹೋಯಿತು. ಧನ್ಯವಾದಗಳು.

ಹದಿಮೂರನೇ ಗ್ರಿಡ್

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಭಾಗಾಕಾರ ಮಾಡಿ ಗುಣಕವನ್ನು 2ಕ್ಕೆ ಇಳಿಸಿದೆ. 3ರಲ್ಲಿ ಒಂಬತ್ತು ಸುತ್ತು ಎಂದರೆ 2ರಲ್ಲಿ ಹದಿಮೂರೂವರೆ. ಸವೆತದ ರೇಖೆಯನ್ನು ಮುಟ್ಟಲಿಲ್ಲ, ಟ್ರ್ಯಾಕ್ ಅನ್ನು ಶೇ. 95ರಿಂದ ಆರಂಭಿಸಿದೆ. ನಿನ್ನೆ ಪೂರ್ತಿ 20 ಸುತ್ತು ಓಡಿಸಿ ಹನ್ನೆರಡನೇ ಸುತ್ತಿನಲ್ಲಿ ಪಿಟ್‌ಗೆ ಬಂದೆ. ಎಡ ಮುಂಟೈರ್‌ನಲ್ಲಿ ಇನ್ನೂ ಒಂದು ಸುತ್ತಿನಷ್ಟು ಜೀವ ಉಳಿದಿತ್ತು.

ಮುಂದಿನ ಟೈರ್ ಸುಧಾರಿಸಿದ ಮೇಲೆ ಈಗ ಎಡ ಹಿಂಟೈರ್ ಮೊದಲು ದಣಿಯುತ್ತಿದೆ. ಕೊನೆಯ ತಿರುವಿನಿಂದ ನೇರ ರಸ್ತೆಗೆ ಬರುವಾಗ ಹಿಂಭಾಗ ಸಣ್ಣಗೆ ಜಾರುತ್ತದೆ.

ನಿಧಾನ ಸುತ್ತು

ಮುಂದಿನ ಬಾರ್ ಅನ್ನು ಎರಡು ಹೆಜ್ಜೆ ಮೆದು ಮಾಡಿದ್ದಿರಲ್ಲ, ಅದನ್ನು ಒಂದು ಹೆಜ್ಜೆ ಹಿಂದಕ್ಕೆ ತನ್ನಿ. ಆಗ ಮುಂಟೈರ್ ತಪ್ಪಾಗಿ ಉಜ್ಜಿಹೋಗುತ್ತಿದ್ದುದರಿಂದ ಅದು ಬೇಕೆನಿಸಿತ್ತು, ಈಗ ಅಷ್ಟು ಬೇಕಿಲ್ಲ. ಆಮೇಲೆ ವೇಗವರ್ಧನೆಯಲ್ಲಿ ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಅನ್ನು ಒಂದು ಅಂಕಿ ಏರಿಸಿ ಐದು ಸುತ್ತು ಓಡಿಸಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಹಿಂಟೈರ್‌ನ ಮೂರು ತಾಪಗಳನ್ನು ಬರೆದು ಹಾಕಿ, ನೋಡೋಣ.